ಬಾಲಕ್ಕೂ ಬೆಲೆ: ಗೋವೆಯ ಕುದುರೆ ಮತ್ತು ನಷ್ಟದ ಹೊಣೆ

ಶಿಗ್ಮೋ ಹಬ್ಬದ ದಿನಗಳಲ್ಲಿ ಡಿಚೋಲಿ, ಸತ್ತರಿ ಕಡೆಯ ಘೋಡೆಮೋಡ್ಣಿ ಕುಣಿತವನ್ನು ಕಂಡವರಿಗೆ ಮರದ ಕುದುರೆ ಹೊಸದಲ್ಲ. ಹೂವಿನಿಂದ ಸಿಂಗರಿಸಿದ ಕುದುರೆಯ ಮುಖವನ್ನು ಸೊಂಟಕ್ಕೆ ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಹಿಡಿದು ಕುಣಿಯುವ ಈ ವೇಷ ಕನ್ನಡ ನಾಡಿನ ಕೀಲುಕುದುರೆಗೆ ಹತ್ತಿರದ ನಂಟು. ಇಂಥ ಕುದುರೆಗೆ ಹುಲ್ಲು ಬೇಡ, ಹುರುಳಿ ಬೇಡ, ವಿಮೆಯಂತೂ ಬೇಡವೇ ಬೇಡ. ಆದರೆ ಮೆರವಣಿಗೆಗೆಂದು ಜೀವಂತ ಕುದುರೆಯನ್ನು ಎರಡು ದಿನದ ಮಟ್ಟಿಗೆ ಕೇಳಿ ತಂದಾಗ ಮಾತು ಬೇರೆ. ಪಟಾಕಿಯ ಸದ್ದಿಗೆ ಬೆದರಿ ಓಡಿ ಕಾಲು ಮುರಿದುಕೊಂಡರೆ, ಹೊಟ್ಟೆಶೂಲೆ ಬಂದು ಬೆಳಗಾಗುವುದರೊಳಗೆ ಸತ್ತರೆ, ಆ ನಷ್ಟ ಕೊಟ್ಟವನದೋ ತಂದವನದೋ? ಗೋವೆಯ ಮಟ್ಟಿಗೆ ಇದು ಬಹಳ ಹಳೆಯ ಪ್ರಶ್ನೆ.

ಶಾಸ್ತ್ರಕಾರರು ಇದಕ್ಕೆ ಮೊದಲೇ ಉತ್ತರ ಹೇಳಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನ ನಮ್ಮ ನಾಡಿನಲ್ಲಿಯೇ ಹುಟ್ಟಿದ್ದು. ನಂಬಿ ಒಪ್ಪಿಸಿದ ವಸ್ತುವನ್ನು ರಾಜನು ಕಿತ್ತುಕೊಂಡರೆ, ದೈವವಶದಿಂದ ಹಾಳಾದರೆ ಅಥವಾ ಕಳ್ಳರು ಒಯ್ದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ ಎಂಬುದು ಆ ಸ್ಮೃತಿಯ ನಿಯಮ. ಎರವಲು ತಂದ ವಸ್ತುವಿಗೂ ಇದೇ ಕಟ್ಟಳೆ. ಆದರೆ ಒಡೆಯನು ಮರಳಿ ಕೇಳಿದ ಮೇಲೂ ಕೊಡದೆ ಇಟ್ಟುಕೊಂಡು, ಆಮೇಲೆ ಹಾಳಾದರೆ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ಎರಡು ದಿನಕ್ಕೆಂದು ತಂದು ವಾರ ಇಟ್ಟುಕೊಳ್ಳುವ ಅಭ್ಯಾಸ ಆಗಲೂ ಇದ್ದಿರಬೇಕು!

ಇನ್ನು ಗೋವೆಯ ಕುದುರೆ ವ್ಯಾಪಾರದ ವಿಷಯ. ದಕ್ಷಿಣದ ಹವೆಯಲ್ಲಿ ಒಳ್ಳೆಯ ಯುದ್ಧದ ಕುದುರೆಗಳು ಬೆಳೆಯುವುದು ಕಷ್ಟ. ಆದ್ದರಿಂದ ಅರಬಸ್ಥಾನ, ಪರ್ಷಿಯಾಗಳಿಂದ ಹಡಗಿನಲ್ಲಿ ತರಿಸಬೇಕಾಗಿತ್ತು. ಗೋವೆ, ಹೊನ್ನಾವರ, ಭಟ್ಕಳಗಳು ಈ ಸರಕು ಇಳಿಯುವ ಬಂದರುಗಳು. 14ನೆಯ ಶತಮಾನದ ಕೊನೆಯ ಭಾಗದಲ್ಲಿ ವಿಜಯನಗರದ ಕೈಗೆ ಬಂದ ಗೋವೆ 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನನಿಂದ ಕೈಬಿಟ್ಟುಹೋಯಿತು. ಕುದುರೆಯ ಬಾಗಿಲೇ ಶತ್ರುವಿನ ಪಾಲಾದಂತಾಯಿತು.

ಇದಾದ ಸ್ವಲ್ಪ ಕಾಲದಲ್ಲಿಯೇ ಸಾಳುವ ನರಸಿಂಹನು (ಆಳ್ವಿಕೆ 1485–1491) ಪಟ್ಟವೇರಿದನು. ಅವನು ವ್ಯಾಪಾರಿಗಳಿಗೆ ಹಾಕಿಕೊಟ್ಟ ಕರಾರನ್ನು ಫೆರ್ನಾವೊ ನ್ಯೂನಿಜ್ ಎಂಬ ಪೋರ್ಚುಗೀಸನು ಬರೆದಿಟ್ಟಿದ್ದಾನೆ. ಈ ನ್ಯೂನಿಜ್ ಸ್ವತಃ ಕುದುರೆ ವ್ಯಾಪಾರಿ. 1535ರ ಸುಮಾರಿಗೆ ವಿಜಯನಗರದಲ್ಲಿದ್ದವನು. ಅವನ ಬರಹವನ್ನು ರಾಬರ್ಟ್ ಸೀವೆಲ್ 1900ರಲ್ಲಿ ಇಂಗ್ಲಿಷಿಗೆ ತಂದನು. ನ್ಯೂನಿಜ್ ಹೇಳುವಂತೆ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆ ತರಿಸಿ, ಸತ್ತದ್ದಿರಲಿ ಬದುಕಿದ್ದಿರಲಿ, ಮೂರಕ್ಕೆ ಸಾವಿರ ಪರದಾವುಗಳಂತೆ ಕೊಳ್ಳುತ್ತಿದ್ದನು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕು, ಜೀವಂತ ಕುದುರೆಯ ಬೆಲೆಯೇ ಸಂದಾಯವಾಗುತ್ತಿತ್ತು. ಪರದಾವು ಎಂದರೆ ಬೇರೇನಲ್ಲ, ವಿಜಯನಗರದ ಚಿನ್ನದ ನಾಣ್ಯ. ಕನ್ನಡದ ‘ಪ್ರತಾಪ’ವೇ ಪೋರ್ಚುಗೀಸರ ಬಾಯಲ್ಲಿ ಹಾಗಾಯಿತೆಂದು ಹೇಳುತ್ತಾರೆ.

ಅಂಗಡಿ ಇಟ್ಟವರಿಗೆ ಈ ಕರಾರಿನ ಬೆಲೆ ಥಟ್ಟನೆ ತಿಳಿಯುತ್ತದೆ. ಹುಬ್ಬಳ್ಳಿಯಿಂದ ಲಾರಿಯಲ್ಲಿ ಬರುವ ಮಾಲು ಘಟ್ಟದಲ್ಲಿ ಒಡೆದರೆ ಕಳಿಸಿದವನು ತನ್ನದಲ್ಲ ಎನ್ನುತ್ತಾನೆ, ಲಾರಿಯವನೂ ತನ್ನದಲ್ಲ ಎನ್ನುತ್ತಾನೆ. ನರಸಿಂಹನು ದಾರಿಯ ನಷ್ಟವನ್ನೆಲ್ಲಾ ತಾನೇ ಹೊತ್ತುಕೊಂಡನು. ಪ್ರೀಮಿಯಂ ಇಲ್ಲದ ವಿಮೆ ಎಂದರೂ ಸಲ್ಲುತ್ತದೆ. ಇದು ಬರಿಯ ಔದಾರ್ಯವಲ್ಲ. ನಷ್ಟದ ಭಯವಿಲ್ಲದ ವ್ಯಾಪಾರಿ ಶತ್ರುವಿನ ಬಂದರಿಗೆ ಹೋಗದೆ ತನ್ನ ಕಡೆಗೇ ಬರುತ್ತಾನೆಂಬ ಲೆಕ್ಕ ಅವನಿಗಿದ್ದಿರಬೇಕು. ಕರಾರಿನಲ್ಲಿ ಒಂದು ತೂತು ಮಾತ್ರ ಉಳಿದಿತ್ತು. ಬೆಲೆ ಹೇಗೂ ಸಿಗುವುದಾದರೆ ಹಡಗಿನಲ್ಲಿ ಕುದುರೆಗೆ ನೀರು, ಮೇವು ಸರಿಯಾಗಿ ಹಾಕುವವರಾರು? ಇದಕ್ಕೆ ಸುಮಾರು ಇನ್ನೂರು ವರ್ಷ ಮುಂಚೆ ತಮಿಳು ಕರಾವಳಿಯನ್ನು ಕಂಡ ಮಾರ್ಕೊಪೋಲೊ ಇನ್ನೂ ಕಟುವಾದ ಮಾತು ಬರೆದಿದ್ದಾನೆ. ಕುದುರೆ ತರುವ ವ್ಯಾಪಾರಿಗಳು ಕುದುರೆ ವೈದ್ಯರನ್ನು ಜೊತೆಗೆ ತರುತ್ತಿರಲಿಲ್ಲ, ಬರಲೂ ಬಿಡುತ್ತಿರಲಿಲ್ಲ. ಕುದುರೆಗಳು ಸಾಯುತ್ತಿದ್ದರೆ ತಾನೇ ಮರುವರ್ಷ ವ್ಯಾಪಾರ!

ಅರಮನೆಯ ಕುದುರೆಗಳಲ್ಲಿ ಎರವಲಿನ ಲೆಕ್ಕ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ನ್ಯೂನಿಜ್ ಬರೆದಿರುವಂತೆ ರಾಜನು ಸವಾರರಿಗೆ ಕುದುರೆಯನ್ನು ತಾನೇ ಕೊಡುತ್ತಿದ್ದನು. ಕುದುರೆ ರಾಜನದು, ಸವಾರಿ ಮಾತ್ರ ಸೈನಿಕನದು. ಪ್ರತಿ ಕುದುರೆಗೂ ರಾಜಮುದ್ರೆಯ ಬರೆ. ಕುದುರೆ ಸತ್ತರೆ ಮುದ್ರೆ ಇರುವ ಚರ್ಮದ ತುಂಡನ್ನು ಕತ್ತರಿಸಿ ಲಾಯದ ಮುಖ್ಯಾಧಿಕಾರಿಗೆ ಒಪ್ಪಿಸಬೇಕು, ಆಗ ಇನ್ನೊಂದು ಕುದುರೆ ಸಿಗುತ್ತಿತ್ತು. ಹಾಗೆ ಕೊಡುತ್ತಿದ್ದುದು ಹೆಚ್ಚಾಗಿ ಸಾವಿರ ಪರದಾವಿಗೆ ಹನ್ನೆರಡೋ ಹದಿನೈದೋ ಸಿಗುವ ನಾಡಕುದುರೆ. ಬಾಲಕ್ಕಿಂತ ಮುದ್ರೆಯ ಚರ್ಮ ಒಳ್ಳೆಯ ಪುರಾವೆ ಎನ್ನಬೇಕು. ಬಾಲ ಯಾವ ಕುದುರೆಯದಾದರೂ ಆದೀತು, ಬದುಕಿರುವ ಕುದುರೆಯ ಬಾಲವನ್ನೂ ಕೊಯ್ಯಬಹುದು. ಬರೆಯಿರುವ ಚರ್ಮವನ್ನು ಸುಲಿದ ಕುದುರೆಯನ್ನು ಸಂತೆಗೆ ಹೊಡೆಯಲಾಗದು.

ಈ ಖರ್ಚನ್ನೆಲ್ಲಾ ಬೊಕ್ಕಸ ಹೊರುತ್ತಿತ್ತೇ ಎಂದರೆ ಅದೂ ಇಲ್ಲ. ರಾಜನು ವರ್ಷಕ್ಕೆ ಹೊರ್ಮುಜ್ ಕುದುರೆ, ನಾಡಕುದುರೆ ಸೇರಿ 13,000 ಕುದುರೆ ಕೊಳ್ಳುತ್ತಿದ್ದನೆಂದು ನ್ಯೂನಿಜ್ ಹೇಳುತ್ತಾನೆ. ಉತ್ತಮವಾದವುಗಳನ್ನು ತನಗಿಟ್ಟುಕೊಂಡು ಉಳಿದವುಗಳನ್ನು ನಾಯಕರಿಗೆ ಮಾರಿ, ಸೆಪ್ಟೆಂಬರ್ ತಿಂಗಳೊಳಗೆ ಹಣ ವಸೂಲು ಮಾಡಿ, ಅದೇ ಹಣದಲ್ಲಿ ಪೋರ್ಚುಗೀಸರ ಬಾಕಿ ತೀರಿಸುತ್ತಿದ್ದನು. ಗಟ್ಟಿ ವ್ಯಾಪಾರಿಯೇ ಸರಿ.

ಆದರೂ ಒಮ್ಮೆ ಕೃಷ್ಣದೇವರಾಯನು ಮೋಸಹೋದನು. ಗೋವೆಯಲ್ಲಿ ಕುದುರೆ ಕೊಂಡು ಬಾ ಎಂದು ಸೀದೆ ಮರ್ಕಾರ್ ಎಂಬವನ ಕೈಗೆ 40,000 ಪರದಾವು ಕೊಟ್ಟು ಕಳಿಸಿದನು. ಫೋಂಡೆಯವರೆಗೆ ಬಂದ ಅವನು ಹಣದೊಂದಿಗೆ ಆದಿಲಶಾಹನ ಆಶ್ರಯಕ್ಕೆ ಓಡಿಹೋದನು. ಕೇಳಿದರೂ ಆದಿಲಶಾಹನು ಒಪ್ಪಿಸಲಿಲ್ಲ. 1520ರ ರಾಯಚೂರು ಯುದ್ಧಕ್ಕೆ ಇದೇ ನೆಪವಾಯಿತೆಂದು ನ್ಯೂನಿಜ್ ಬರೆಯುತ್ತಾನೆ. ಕುದುರೆ ಸತ್ತರೆ ಏನೆಂಬುದಕ್ಕೆ ಕಟ್ಟಳೆ ಮಾಡಿದವರು ಹಣ ಒಯ್ಯುವವನಿಗೆ ಜಾಮೀನು ಕೇಳುವುದನ್ನು ಮರೆತಿದ್ದರು.

ಅಷ್ಟರಲ್ಲಿ 1510ರ ನವೆಂಬರ್ 25ರಂದು ಅಲ್ಬುಕರ್ಕ್ ಗೋವೆಯನ್ನು ಪೂರ್ತಿಯಾಗಿ ವಶಪಡಿಸಿಕೊಂಡಿದ್ದನು. ಕುದುರೆ ಹಡಗುಗಳೆಲ್ಲಾ ಗೋವೆಗೇ ಬರಬೇಕೆಂದು ಪೋರ್ಚುಗೀಸರು ಕಟ್ಟುಮಾಡಿದರು. ಒಂದೊಂದು ಕುದುರೆಗೆ ಸುಮಾರು 40 ಪರದಾವು ಸುಂಕ. 1547ರಲ್ಲಿ ಸದಾಶಿವರಾಯನ ಕಾಲದ ಒಪ್ಪಂದದಂತೆ ಗೋವೆಗೆ ಬಂದ ಕುದುರೆಗಳು ವಿಜಯನಗರಕ್ಕೇ ಹೋಗಬೇಕೆಂದಾಯಿತು. 1565ರ ತಾಳಿಕೋಟೆ ಯುದ್ಧದ ನಂತರ ಕೊಳ್ಳುವವರೇ ಇಲ್ಲವಾಗಿ ಗೋವೆಯ ಆದಾಯವೂ ಕುಸಿಯಿತು.

ಕಾಲಾನಂತರ ಬಂದ 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಎರವಲಿನ ಪ್ರಕರಣಕ್ಕೆ ಉದಾಹರಣೆ ಕೊಡಬೇಕಾದಾಗ ಮತ್ತೆ ಕುದುರೆಯೇ ಬಂತು. ತುಂಟ ಕುದುರೆಯೆಂದು ಗೊತ್ತಿದ್ದೂ ಹೇಳದೆ ಕೊಟ್ಟರೆ, ಬಿದ್ದು ಗಾಯಗೊಂಡವನಿಗೆ ಕೊಟ್ಟವನೇ ಹೊಣೆ. ಸಾಮಾನ್ಯ ವಿವೇಕವುಳ್ಳವನು ತನ್ನ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ತಂದವನು ನೋಡಿಕೊಂಡಿದ್ದರೆ, ಬೇರೆ ಕರಾರು ಇಲ್ಲದಿದ್ದಲ್ಲಿ, ನಷ್ಟಕ್ಕೆ ಹೊಣೆಯಲ್ಲ. ಆದರೆ ತಾನೊಬ್ಬನೇ ಹತ್ತಲೆಂದು ತಂದದ್ದನ್ನು ಮನೆಯ ಇನ್ನೊಬ್ಬನಿಗೆ ಹತ್ತಲು ಕೊಟ್ಟರೆ, ಕಾಶಿಗೆಂದು ಹೇಳಿ ಕಟಕಕ್ಕೆ ಹೊರಟರೆ, ಎಷ್ಟೇ ಜಾಗರೂಕನಾಗಿದ್ದರೂ ತೆರಲೇಬೇಕು. ಗೋವೆ 1961ರಲ್ಲಿ ವಿಮೋಚನೆಯಾದ ಮೇಲೆ ಈ ಕಾಯಿದೆ ಇಲ್ಲಿಗೂ ಬಂತು. ಮೆರವಣಿಗೆಗೆ ತಂದ ಕುದುರೆಯ ಮೇಲೆ ಊರಿನ ಹುಡುಗರನ್ನೆಲ್ಲಾ ಸರದಿಯಂತೆ ಕೂರಿಸುವವರು ಆ ಉದಾಹರಣೆಯನ್ನು ಒಮ್ಮೆ ಓದಿಸಿ ಕೇಳುವುದು ಒಳ್ಳೆಯದು.

ಈಗ ಸಾಮಾನ್ಯ ವಿಮಾ ಕಂಪನಿಗಳಲ್ಲಿ ಕುದುರೆ, ತಟ್ಟು, ಹೇಸರಗತ್ತೆಗಳಿಗೂ ವಿಮೆಯುಂಟು. ಪಶುವೈದ್ಯರ ಆರೋಗ್ಯ ಪತ್ರ, ಬಣ್ಣ, ಸುಳಿ, ಮಚ್ಚೆಗಳ ವಿವರ ಬೇಕು. ಕೆಲವೇ ದಿನಕ್ಕೆಂದು ವಿಮೆ ಮಾಡಿಸಿದರೆ ದಿನದ ಲೆಕ್ಕಕ್ಕಿಂತ ದರ ಸಾಮಾನ್ಯವಾಗಿ ಹೆಚ್ಚೇ ಬೀಳುತ್ತದೆ. ಆದ್ದರಿಂದ ಒಡೆಯನ ಬಳಿ ವರ್ಷದ ಪಾಲಿಸಿ ಇದೆಯೇ, ಅದರಲ್ಲಿ ಮೆರವಣಿಗೆಯ ಕೆಲಸ ಸೇರಿದೆಯೇ ಎಂದು ಮೊದಲು ವಿಚಾರಿಸಬೇಕು. ಹೇಳಿದ ಕೆಲಸ ಬಿಟ್ಟು ಬೇರೆ ಕೆಲಸಕ್ಕೆ ಬಳಸಿದರೆ ಜಾನುವಾರು ಪಾಲಿಸಿಯಲ್ಲಿ ಹಣ ಸಿಗುವುದಿಲ್ಲ. ಸಮುದ್ರದಲ್ಲಿ ಸಾಗಿಸುವಾಗ ಸತ್ತರೂ ಸಾಮಾನ್ಯವಾಗಿ ಇಲ್ಲ. ನರಸಿಂಹರಾಯನು ಒಪ್ಪಿಕೊಂಡಿದ್ದ ಹೊಣೆಯನ್ನೇ ಇಂದಿನ ಕಂಪನಿ ಮೊದಲು ಹೊರಗಿಡುತ್ತದೆ. ಬಾಲವನ್ನು ಈಗ ಯಾರೂ ಕೇಳುವುದಿಲ್ಲ. ಆದರೆ ವಿಮೆ ಮಾಡಿಸಿದ ಹಸು, ಎಮ್ಮೆ ಸತ್ತಾಗ ಕಿವಿಗೆ ಹಾಕಿದ್ದ ನಂಬರಿನ ಬಿಲ್ಲೆಯನ್ನು ಬಿಚ್ಚಿ ಅರ್ಜಿಯೊಂದಿಗೆ ಕೊಡಬೇಕು.