ಸ್ಟೆಪ್ನಿ ಎಲ್ಲೈತಿ?

ಕಳೆದ ಮಳೆಗಾಲದಲ್ಲಿ ಧಾರವಾಡದಿಂದ ಪುಣೆಗೆ ವಾಪಸಾಗುತ್ತಿದ್ದೆವು. ಕರಾಡ ದಾಟಿದ ಮೇಲೆ, ರಸ್ತೆ ಅಗಲ ಮಾಡಲೆಂದು ಹಾಕಿದ್ದ ಡೈವರ್ಷನ್ನಿನಲ್ಲಿ, ನೀರು ತುಂಬಿದ ಗುಂಡಿಯೊಂದಕ್ಕೆ ಕಾರಿನ ಎಡಗಡೆಯ ಮುಂದಿನ ಗಾಲಿ ದಡಕ್ಕನೆ ಇಳಿಯಿತು. ರಾತ್ರಿ ಹತ್ತೂವರೆ. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆಯಲ್ಲಿದ್ದಳು, ಪಕ್ಕದಲ್ಲಿ ಅವ್ವ. ಅವ್ವನಿಗೆ ಸಕ್ಕರೆ ಕಾಯಿಲೆ, ಊಟದ ಹೊತ್ತು ಮೀರುವಂತಿಲ್ಲ. ಅಪ್ಪ ಇಳಿದು ಮೊಬೈಲಿನ ಬೆಳಕಲ್ಲಿ ಟೈರ್ ನೋಡಿ, ಸಹಜವಾಗಿ ಕೇಳಿದರು: “ಡಿಕ್ಕಿ ತಗಿಯವ್ವಾ. ಸ್ಟೆಪ್ನಿ ಎಲ್ಲೈತಿ?”

ಸ್ಟೆಪ್ನಿ ಇರಲಿಲ್ಲ. ಡಿಕ್ಕಿಯ ಮ್ಯಾಟ್ ಎತ್ತಿದರೆ ಗಾಲಿ ಕೂರಬೇಕಾದ ದುಂಡನೆಯ ತಗ್ಗಿನಲ್ಲಿ ಒಂದು ಥರ್ಮೋಕೋಲ್ ತಟ್ಟೆ, ಅದರಲ್ಲಿ ಪುಟ್ಟ ಗಾಳಿಯಂತ್ರ, ಅಂಟುದ್ರವದ ಒಂದು ಬಾಟಲಿ. ಕಾರು ಕೊಳ್ಳುವಾಗ ಇದನ್ನು ದೊಡ್ಡ ಸೌಲಭ್ಯವೆಂಬಂತೆ ತೋರಿಸಿದ್ದರು. ಆದರೆ ನಮ್ಮ ಟೈರಿಗೆ ಮೊಳೆ ಚುಚ್ಚಿರಲಿಲ್ಲ, ಪಕ್ಕದ ಗೋಡೆಯೇ ಬೆರಳು ತೂರುವಷ್ಟು ಹರಿದಿತ್ತು. ಆ ಬಾಟಲಿ ನೆಲ ಮುಟ್ಟುವ ಭಾಗದ ಸಣ್ಣ ತೂತು ಮುಚ್ಚುತ್ತದೆಯೇ ಹೊರತು ಪಕ್ಕದ ಹರಿತವನ್ನಲ್ಲ. ಹತ್ತಿರದ ಢಾಬಾದವರು ಕರೆಸಿದ ಮೆಕ್ಯಾನಿಕ್ ಕೂಡ ಮೋಟಾರ್‌ಸೈಕಲ್ಲಿನಿಂದ ಇಳಿಯುವ ಮೊದಲೇ ಕೇಳಿದ್ದು ಅದನ್ನೇ: “ಸ್ಟೆಪ್ನೀ ಆಹೇ ಕಾ?” ಕಾರನ್ನು ಹೊತ್ತೊಯ್ಯುವ ಗಾಡಿ ಬರಲು ಮೂರು ಗಂಟೆ ಹಿಡಿಯಿತು. ಅವ್ವ ಢಾಬಾದ ಒಣ ಚಪಾತಿ ತಿಂದು, ಯಾರನ್ನೂ ಬೈಯದೆ ಕೂತಿದ್ದಳು. ಅದು ಬೈಗುಳಕ್ಕಿಂತ ಕಷ್ಟ.

ಆ ಮೂರು ಗಂಟೆಯಲ್ಲಿ ನನ್ನ ತಲೆಯಲ್ಲಿ ಸುತ್ತುತ್ತಿದ್ದುದು ಬೇರೊಂದು ಜಗಳ. ಕೆಲವು ತಿಂಗಳ ಹಿಂದೆ ಒಂದು ಕಾರಿನ ಕೈಪಿಡಿಯನ್ನು ಕನ್ನಡಕ್ಕೆ ಅನುವಾದಿಸಿದ್ದೆ. ನಾನು ‘ಸ್ಟೆಪ್ನಿ’ ಎಂದು ಬರೆದ ಕಡೆಯೆಲ್ಲ ಪರಿಶೀಲಕರು ಕೆಂಪು ಗೆರೆ ಎಳೆದು ‘ಬಿಡಿ ಚಕ್ರ’ ಎಂದು ತಿದ್ದಿದ್ದರು. ಕಾರಣ: ಅದು ಗ್ಯಾರೇಜಿನ ಆಡುಮಾತು, ಶಿಷ್ಟವಲ್ಲ. ಕತ್ತಲ ಹೆದ್ದಾರಿಯಲ್ಲಿ ‘ಬಿಡಿ ಚಕ್ರ ಎಲ್ಲಿದೆ’ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಧಾರವಾಡದ ಅಪ್ಪನಿಗೂ ಮರಾಠಿ ಮೆಕ್ಯಾನಿಕ್‌ಗೂ ನಡುವೆ ಅನುವಾದವೇ ಬೇಡವಾದ ಪದ ಅದು. ಗ್ಯಾರೇಜಿನಲ್ಲಿ ಹುಟ್ಟಿದ್ದೂ ಅಲ್ಲ, ಅದಕ್ಕೊಂದು ವಿಳಾಸವಿದೆ.

ಆ ವಿಳಾಸ ವೇಲ್ಸ್‌ನ ದಕ್ಷಿಣ ತೀರದ ಲನೆಲ್ಲಿ ಎಂಬ ಊರಿನದು. (ಊರಿನ ಹೆಸರನ್ನು ಅಲ್ಲಿಯವರು ಹೇಳುವಂತೆ ಬರೆಯಲು ಕನ್ನಡದಲ್ಲಿ ಅಕ್ಷರವಿಲ್ಲ. ನಾಲಿಗೆಯನ್ನು ‘ಲ’ಕಾರಕ್ಕಿಟ್ಟು, ದನಿ ಹೊರಡಿಸದೆ ಬರೀ ಉಸಿರು ಬಿಟ್ಟರೆ ಹತ್ತಿರ ಬರುತ್ತದೆ.) ತವರ ಲೇಪಿಸಿದ ತಗಡಿನ ಕಾರ್ಖಾನೆಗಳಿಗೆ ಹೆಸರಾದ ಆ ಊರಿನ ಸ್ಟೆಪ್ನಿ ಬೀದಿಯಲ್ಲಿ ಥಾಮಸ್ ಮತ್ತು ವಾಲ್ಟರ್ ಡೇವಿಸ್ ಎಂಬ ಅಣ್ಣತಮ್ಮಂದಿರು ಕಬ್ಬಿಣ ಸಾಮಾನಿನ ವ್ಯಾಪಾರ ಮಾಡುತ್ತಿದ್ದರು. ಬೀದಿಗೆ ಆ ಹೆಸರು ಬಂದದ್ದು ಅಲ್ಲಿಯ ಜಮೀನ್ದಾರಿ ಮನೆತನದಿಂದ. ಲಂಡನ್ನಿನ ಸ್ಟೆಪ್ನಿ ಬಡಾವಣೆಗೂ ನಮ್ಮ ಗಾಲಿಗೂ ಸಂಬಂಧವಿಲ್ಲ. ‘ಸ್ಟೆಪ್ ಮದರ್ ಇದ್ದಂಗ ಸ್ಟೆಪ್ನಿ’ ಎಂಬ ನಮ್ಮಪ್ಪನ ನಿರುಕ್ತಿಯೂ ತಪ್ಪು, ಚೆನ್ನಾಗಿದೆ ಅಷ್ಟೇ.

ಆ ಕಾಲದ ಕಾರುಗಳಿಗೆ ಹೆಚ್ಚಿನ ಗಾಲಿ ಎಂಬುದೇ ಇರಲಿಲ್ಲ. ಗಾಲಿಗಳನ್ನು ರಸ್ತೆಯ ಮೇಲೆ ಬಿಚ್ಚುವಂತೆಯೂ ಇರಲಿಲ್ಲ. ರಸ್ತೆಯಲ್ಲಿ ಕಾರಿಗಿಂತ ಕುದುರೆಗಳೇ ಹೆಚ್ಚು. ಲಾಳದಿಂದ ಉದುರಿದ ಮೊಳೆಗಳು ಎಲ್ಲೆಂದರಲ್ಲಿ. ಪಂಕ್ಚರ್ ಆದರೆ ಗಾಲಿಯನ್ನು ಅಲ್ಲೇ ಬಿಟ್ಟು, ಸನ್ನೆಕೋಲಿನಿಂದ ಟೈರ್ ಕಿತ್ತು, ಟ್ಯೂಬ್ ತೆಗೆದು, ತೇಪೆ ಹಾಕಿ, ಮತ್ತೆ ಏರಿಸಿ, ಕೈಪಂಪಿನಲ್ಲಿ ಗಾಳಿ ತುಂಬಬೇಕು.

1904ರಲ್ಲಿ ಥಾಮಸ್ ಡೇವಿಸ್ ಕಂಡುಕೊಂಡ ಉಪಾಯ ಸರಳವಾಗಿತ್ತು. ಕೆಟ್ಟ ಗಾಲಿಯನ್ನು ಬಿಚ್ಚಲು ಬಾರದಿದ್ದರೆ ಬಿಚ್ಚಲೇಬೇಡಿ. ಅರಗಳಿಲ್ಲದ, ಗುಂಬವಿಲ್ಲದ ಬರೀ ಒಂದು ಲೋಹದ ಬಳೆ. ಅದರ ಮೇಲೆ ಮೊದಲೇ ಗಾಳಿ ತುಂಬಿದ ಟೈರ್. ಪಂಕ್ಚರ್ ಆದ ಗಾಲಿಯ ಮಗ್ಗುಲಿಗೆ ಈ ಬಳೆಯನ್ನಿಟ್ಟು, ಅದರ ಕೊಕ್ಕೆಗಳನ್ನು ಗಾಲಿಯ ರಿಮ್ಮಿಗೆ ಸಿಕ್ಕಿಸಿ ತಿರುಪು ಬಿಗಿದರೆ ಮುಗಿಯಿತು. ಸತ್ತ ಟೈರನ್ನು ಪಕ್ಕದಲ್ಲೇ ಹೊತ್ತುಕೊಂಡು ಕಾರು ಮನೆ ಸೇರುತ್ತಿತ್ತು. 1906ರಲ್ಲಿ ಕಂಪನಿ ಸ್ಥಾಪನೆಯಾಯಿತು. 1909ರ ಹೊತ್ತಿಗೆ ಲಂಡನ್ನಿನ ಟ್ಯಾಕ್ಸಿಗಳಲ್ಲೆಲ್ಲ ತಮ್ಮದೇ ಗಾಲಿ ಎಂದು ಕಂಪನಿ ಹೇಳಿಕೊಳ್ಳುತ್ತಿತ್ತು. ಜಾಹೀರಾತಿನ ಮಾತನ್ನು ಸ್ವಲ್ಪ ಸೋಸಿಕೊಂಡು ಕುಡಿಯುವುದು ಒಳ್ಳೆಯದು. ಆದರೂ ಬಾಡಿಗೆ ಗಾಡಿಯವನಿಗೆ ನಿಂತ ಹೊತ್ತೆಲ್ಲ ನಷ್ಟ, ಆತ ಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ನಿಂತ ಹೊತ್ತಿನ ಬೆಲೆ ಎಷ್ಟೆಂದು ಇನ್ನೂ ಚೆನ್ನಾಗಿ ಗೊತ್ತಾದದ್ದು 1906ರ ಜೂನ್ 26 ಮತ್ತು 27ರಂದು, ಫ್ರಾನ್ಸಿನ ಲ ಮಾನ್ ಹತ್ತಿರ ನಡೆದ ಮೊದಲ ಗ್ರಾಂಡ್ ಪ್ರೀ ಓಟದಲ್ಲಿ. ಎರಡು ದಿನ, ಸುಮಾರು 1,240 ಕಿಲೋಮೀಟರು, ಉರಿಬಿಸಿಲು. ಟೈರ್ ಹೋದರೆ ಚಾಲಕ ಮತ್ತು ಅವನ ಜೊತೆಯ ಮೆಕ್ಯಾನಿಕ್ ಮಾತ್ರ ಕೈ ಹಚ್ಚಬೇಕು. ಹೆಚ್ಚಿನವರು ಚಾಕುವಿನಿಂದ ಹಳೆಯ ರಬ್ಬರ್ ಕೊಯ್ದು ಹೊಸದು ಏರಿಸುವುದಕ್ಕೆ ಕಾಲು ಗಂಟೆ ಬೇಕಾಗುತ್ತಿತ್ತು. ರೆನೋ ಕಾರಿನ ಫೆರೆಂಕ್ ಸೀಸ್ ಬಳಿ ಮಿಶೆಲಿನ್ ಕಂಪನಿಯ ಕಳಚುವ ರಿಮ್ಮುಗಳಿದ್ದವು. ನಟ್ಟು ಬಿಚ್ಚಿ, ಟೈರ್ ಸಮೇತ ರಿಮ್ ಬದಲಿಸುವುದು ಕೆಲವೇ ನಿಮಿಷದ ಕೆಲಸ. ಗೆದ್ದವನು ಅವನೇ. ಅದಾದ ಕೆಲವೇ ವರ್ಷಗಳಲ್ಲಿ ರಜ್-ವಿಟ್‌ವರ್ತ್‌ನಂಥ ಕಂಪನಿಗಳು ಇಡೀ ಗಾಲಿಯನ್ನೇ ಕಳಚುವಂತೆ ಮಾಡಿದವು. ಕಾರಿನ ಜೊತೆಗೇ ಐದನೆಯ ಗಾಲಿ ಬರತೊಡಗಿತು. ಡೇವಿಸ್ ಸೋದರರ ಬಳೆಗೆ ಕೆಲಸವಿಲ್ಲದಾಯಿತು.

ವಸ್ತು ಹೋಯಿತು, ಹೆಸರು ಉಳಿಯಿತು. ಅದೂ ಹುಟ್ಟಿದ ಊರಲ್ಲಲ್ಲ. ಇಂದು ಬ್ರಿಟನ್ನಿನಲ್ಲಿ ಸ್ಟೆಪ್ನಿ ಎಂದರೆ ಯಾರಿಗೂ ಗಾಲಿ ನೆನಪಾಗುವುದಿಲ್ಲ. ಭಾರತದಲ್ಲಿ, ಬಾಂಗ್ಲಾದೇಶದಲ್ಲಿ, ಮಾಲ್ಟಾದಲ್ಲಿ ನೆನಪಾಗುತ್ತದೆ. ಬ್ರೆಜಿಲ್ಲಿನ ಪೋರ್ಚುಗೀಸಿನಲ್ಲಿ ಅದು ‘ಎಸ್ತೆಪಿ’. ಪದದ ಮೊದಲಲ್ಲಿ ‘ಸ್ಟ’ ಬಂದರೆ ಮುಂದೊಂದು ಸ್ವರ ಸೇರಿಸಿಕೊಳ್ಳುವುದು ಆ ಭಾಷೆಯ ರೂಢಿ; ‘ಸ್ಕೂಲ್’ ಅನ್ನು ‘ಇಸ್ಕೂಲ್’ ಮಾಡುವ ನಮ್ಮ ಹಳ್ಳಿಯ ನಾಲಿಗೆಗೂ ಅದೇ ರೂಢಿ. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಗಾಲಿಗಿಂತ ಹತ್ತು ವರ್ಷ ಮೊದಲು, ಹಾಗಾಗಿ ಅದರಲ್ಲಿ ಹುಡುಕುವುದು ವ್ಯರ್ಥ. ಸ್ಟೆಪ್ನಿಯನ್ನು ಇಡುವ ‘ಡಿಕ್ಕಿ’ಯ ಕತೆಯೂ ಹೀಗೆಯೇ. ಇಂಗ್ಲೆಂಡಿನಲ್ಲಿ ಅದು ಕಾರಿನ ಹಿಂಬದಿಯ ಮಡಚುವ ಸೀಟಿನ ಹೆಸರು. ಅಲ್ಲಿ ಸೀಟೂ ಹೋಯಿತು, ಪದವೂ ಹೋಯಿತು. ಇಲ್ಲಿ ಸಾಮಾನು ತುಂಬುವ ಜಾಗಕ್ಕೆ ಅಂಟಿಕೊಂಡಿತು. ಕಾರಿನ ಹಿಂಭಾಗದಲ್ಲಿ ನಾವು ಪುಟ್ಟ ವಸ್ತುಸಂಗ್ರಹಾಲಯ ಹೊತ್ತು ತಿರುಗುತ್ತಿದ್ದೇವೆ.

ನಮ್ಮಲ್ಲಿ ಈ ಪದವನ್ನು ಎರಡನೆಯ ಹೆಣ್ಣಿನ ಬಗ್ಗೆ ಕೀಳಾಗಿ ಆಡುವುದೂ ಇದೆ. ಪರಿಶೀಲಕರ ಕೆಂಪು ಗೆರೆಗೆ ಅದೂ ಒಂದು ಕಾರಣವಿದ್ದೀತು. ಅದು ಆಡುವವರ ಕೊಳಕು. ಅದಕ್ಕಾಗಿ ಗಾಲಿಯ ಹೆಸರು ಬಿಡಬೇಕೆಂದು ನನಗನ್ನಿಸುವುದಿಲ್ಲ.

ಈಗ ವಸ್ತುವೂ ಎರಡನೆಯ ಬಾರಿ ಮಾಯವಾಗುವ ಹಾದಿಯಲ್ಲಿದೆ. 2020ರಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿತು. 3.5 ಟನ್ ಮೀರದ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರ್, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇದ್ದರೆ ಹೆಚ್ಚಿನ ಗಾಲಿ ಕಡ್ಡಾಯವಲ್ಲ. ಅದೇ ಅಕ್ಟೋಬರ್ 1ರಿಂದ ಜಾರಿ. ತೂಕ ಉಳಿಯುತ್ತದೆ, ಎಲೆಕ್ಟ್ರಿಕ್ ಕಾರಿನ ಬ್ಯಾಟರಿಗೂ ಸಿಎನ್‌ಜಿ ಸಿಲಿಂಡರಿಗೂ ಜಾಗ ಸಿಗುತ್ತದೆ, ಕಂಪನಿಗೆ ಖರ್ಚೂ ಕಡಿಮೆ. ಮೊಳೆಯಷ್ಟೇ ಶತ್ರುವಾದರೆ ಈ ಲೆಕ್ಕ ಸರಿ. ಆದರೆ ಈಚಿನ ಕಾರುಗಳಿಗೆ ಚಂದ ಕಾಣಲೆಂದು ದೊಡ್ಡ ಅಲಾಯ್ ಗಾಲಿ, ತೆಳ್ಳನೆಯ ಟೈರ್. ಗುಂಡಿಗೆ ಬಿದ್ದಾಗ ಪೆಟ್ಟು ತಿನ್ನುವುದು ಪಕ್ಕದ ಗೋಡೆ. ಅದು ಹರಿದರೆ ಕಿಟ್ಟಿನಿಂದ ಏನೂ ಆಗದು.

ಹೀಗೆ 1906ರ ಗ್ರಾಹಕನ ಹಾಗೆ ನಾನೂ ನನ್ನ ಸ್ಟೆಪ್ನಿಯನ್ನು ನಾನೇ ಆರಿಸಿ ಕೊಳ್ಳಬೇಕಾಯಿತು. ಅವನಿಗೆ ಮುಖ್ಯವಾಗಿದ್ದ ಪ್ರಶ್ನೆಯೇ ನನಗೂ ಮೊದಲಿನದು: ನನ್ನ ಗಾಲಿಯ ಅಳತೆಗೆ ಹೊಂದುತ್ತದೆಯೇ? ನಮ್ಮ ಕಾರಿನ ಟೈರಿನ ಮೇಲೆ 195/55 ಆರ್16 ಎಂದಿದೆ. ಅಗಲ 195 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇ 55, ರಿಮ್ 16 ಇಂಚು. ಒಟ್ಟು ವ್ಯಾಸ ಸುಮಾರು 621 ಮಿಲಿಮೀಟರ್. ಇದೇ ಕಾರಿನ ಕಡಿಮೆ ಬೆಲೆಯ ಮಾದರಿಗೆ 185/65 ಆರ್15ರ ಕಬ್ಬಿಣದ ಗಾಲಿ. ಲೆಕ್ಕ ಹಾಕಿದರೆ ಅದರ ವ್ಯಾಸವೂ ಹೆಚ್ಚುಕಡಿಮೆ ಅಷ್ಟೇ, ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ರಿಮ್ ಒಂದಿಂಚು ಚಿಕ್ಕದಾದರೂ ಗೋಡೆ ದಪ್ಪ, ಗುಂಡಿ ತಾಳುವುದರಲ್ಲಿ ವಾಸಿ. ವ್ಯಾಸ ಬಹಳ ಹೆಚ್ಚುಕಡಿಮೆಯಾದರೆ ಒಂದೇ ಅಚ್ಚಿನ ಎರಡು ಗಾಲಿಗಳು ಬೇರೆಬೇರೆ ವೇಗದಲ್ಲಿ ತಿರುಗಿ, ಡಿಫರೆನ್ಷಿಯಲ್ಲಿಗೆ ಬಿಡುವಿಲ್ಲದ ದುಡಿತವಾಗುತ್ತದೆ.

ಸಣಕಲು ‘ಸ್ಪೇಸ್ ಸೇವರ್’ ಗಾಲಿಯನ್ನೂ ನೋಡಿದೆ. ಹಗುರ, ಆದರೆ ಸಾಮಾನ್ಯವಾಗಿ 80 ಕಿಲೋಮೀಟರಿನ ವೇಗಮಿತಿ, ಮಾಮೂಲಿ ಟೈರಿನ ದುಪ್ಪಟ್ಟಿನಷ್ಟು ಗಾಳಿ. ಊರೊಳಗಿನ ಓಡಾಟಕ್ಕೆ ಸಾಕಾದೀತು. ಐದು ಜನ ಮತ್ತು ಧಾರವಾಡದ ಜೋಳದ ಹಿಟ್ಟಿನ ಚೀಲ ತುಂಬಿದ ಕಾರಿಗೆ ಅದರ ಮೇಲೆ ನನಗೆ ಭರವಸೆ ಬರಲಿಲ್ಲ.

ಕೊನೆಗೆ ಅಲಾಯ್ ಹಾಕಿಸಿಕೊಂಡವರೊಬ್ಬರು ಬಿಚ್ಚಿಟ್ಟಿದ್ದ 15 ಇಂಚಿನ ಕಬ್ಬಿಣದ ಗಾಲಿ ಸಿಕ್ಕಿತು. ಟೈರಿನ ಗೋಡೆಯ ಮೇಲಿನ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲೆರಡು ತಯಾರಾದ ವಾರ, ಮುಂದಿನೆರಡು ವರ್ಷ. 2217 ಎಂದಿತ್ತು, ಅಂದರೆ 2017ರ ಮೇ ತಿಂಗಳ ಕೊನೆ. ರಬ್ಬರಿಗೂ ವಯಸ್ಸಾಗುತ್ತದೆ, ರಿಮ್ ಇಟ್ಟುಕೊಂಡು ಹೊಸ ಟೈರ್ ಹಾಕಿಸಿದೆ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ತಿರುಗಿಸಿ ರಿಮ್ ಸೊಟ್ಟಗಿಲ್ಲವೆಂದು ನೋಡಿದ್ದಾಯಿತು. ನಟ್ಟಿನ ತೂತುಗಳು ಕೂತವು, ಒಳಗೆ ಬ್ರೇಕಿಗೆ ತಾಗಲಿಲ್ಲ. ಕಬ್ಬಿಣದ ಗಾಲಿಗೆ ನಟ್ಟು ಬೇರೆಯದೇ ಬೇಕೇ ಎಂಬುದನ್ನೂ ಕೇಳಿ ಖಚಿತಪಡಿಸಿಕೊಂಡೆ. ಕಿಟ್ ಇರುವ ಕಾರಿನಲ್ಲಿ ಜಾಕೂ ಇರುವುದಿಲ್ಲ, ಪಾನಾವೂ ಇರುವುದಿಲ್ಲವೆಂದು ಗೊತ್ತಾದದ್ದು ಆಗಲೇ. ಅವೆರಡನ್ನೂ ಕೊಂಡೆ.

ಗಾಲಿ ಥರ್ಮೋಕೋಲ್ ತಟ್ಟೆಯ ತಗ್ಗಿನಲ್ಲಿ ಪೂರ್ತಿ ಕೂರಲಿಲ್ಲ. ಡಿಕ್ಕಿಯ ಮ್ಯಾಟ್ ಎರಡು ಬೆರಳು ಮೇಲೆದ್ದಿದೆ, ಸೂಟ್‌ಕೇಸ್ ಇಟ್ಟರೆ ಓಲಾಡುತ್ತದೆ. ದೀಪಾವಳಿಗೆ ಬಂದ ಅಪ್ಪ ಚಪ್ಪಲಿ ಬಿಡುವ ಮೊದಲೇ ಡಿಕ್ಕಿ ತೆಗೆಸಿ, ಟೈರನ್ನು ಹೆಬ್ಬೆರಳಿನಿಂದ ಒತ್ತಿ, “ಇದಕ್ಕೂ ತಿಂಗಳಿಗೊಮ್ಮೆ ಗಾಳಿ ನೋಡಸ್ಬೇಕವ್ವಾ, ಮರೀಬ್ಯಾಡ” ಅಂದರು.