ಕಿಕ್ಕೇರಿಯ ಕವಿತೆ ಪ್ಯಾಕೇಜಿಗೆ ಯಾಕೆ ಸೇರಲ್ಲ?

ನಿಮ್ಮ ಫೋನಿನಲ್ಲಿ ಉಚಿತ ಆ್ಯಪ್‌ಗಳು ಎಷ್ಟಿವೆ? ಅದರಲ್ಲಿ ಒಂದನ್ನ ನೀವೇ ತಿದ್ದಿ, ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹಂಚಬಹುದಾ? ಬಹುಪಾಲು ಆಗಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ಈ ಗೆರೆ ಎಳೆದವರ ಕಥೆ ಇವತ್ತು.

1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಶುರು ಮಾಡಿದ್ರು. 1997ರ ಜುಲೈನಲ್ಲಿ ಡೆಬಿಯನ್‌ನವರು ‘ಸಾಮಾಜಿಕ ಒಪ್ಪಂದ’ ಒಂದನ್ನ ಒಪ್ಪಿಕೊಂಡರು. ಯಾರು ಬೇಕಾದರೂ ಬಳಸಿ, ತಿದ್ದಿ, ಮಾರಬಹುದಾದ ತಂತ್ರಾಂಶಕ್ಕೆ ಮಾತ್ರ ಮುಖ್ಯ ವಿಭಾಗದಲ್ಲಿ ಜಾಗ. ಉಳಿದದ್ದು ‘ನಾನ್-ಫ್ರೀ’ ಅನ್ನೋ ಪಕ್ಕದ ಕೋಣೆಗೆ. 2004ರಲ್ಲಿ ಮತ್ತೆ ಮತ ಹಾಕಿ, ಕೋಡ್ ಅಷ್ಟೇ ಅಲ್ಲ, ಕೈಪಿಡಿ, ಚಿತ್ರ, ಫಾಂಟ್ ಎಲ್ಲಕ್ಕೂ ಇದೇ ನಿಯಮ ಅಂದರು. ಪ್ಯಾಕೇಜಿನೊಳಗೆ ನಿಯಮಕ್ಕೆ ಹೊಂದದ ಒಂದೇ ಫೈಲ್ ಇದ್ದರೂ ಅದನ್ನ ಕಿತ್ತು, ಮೂಲವನ್ನ ಮತ್ತೆ ಕಟ್ಟಿ, ಆವೃತ್ತಿ ಸಂಖ್ಯೆಗೆ ‘ಡಿಎಫ್‌ಎಸ್‌ಜಿ’ ಅಂತ ಬಾಲ ಅಂಟಿಸ್ತಾರೆ. ಅತಿ ಮಡಿ ಅನ್ನಿಸುತ್ತೆ, ಅಲ್ವಾ?

ಕನ್ನಡಕ್ಕೆ ಬನ್ನಿ. ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟ್ ಬಂತು. ಆದರೆ ಲಿನಕ್ಸ್ ಕಟ್ಟೋರು ಅದನ್ನ ಎತ್ತಿ ಹಾಕಿಕೊಳ್ಳೋ ಹಾಗಿರಲಿಲ್ಲ. 2004ರಲ್ಲಿ ರೆಡ್ ಹ್ಯಾಟ್ ತನ್ನ ಲೋಹಿತ್ ಫಾಂಟ್‌ಗಳನ್ನ ಜಿಪಿಎಲ್ ಪರವಾನಗಿಯಲ್ಲಿ ಬಿಟ್ಟಿತು. 2011ರಲ್ಲಿ ಫಾಂಟ್‌ಗಳಿಗೆಂದೇ ಬರೆದ ಓಎಫ್‌ಎಲ್‌ಗೆ ಬದಲಿಸಿತು. ಅರವಿಂದ ವಿ.ಕೆ. ಅವರ ಗುಬ್ಬಿ, ನವಿಲು ಕೂಡ ಡೆಬಿಯನ್‌ನ ಮುಖ್ಯ ವಿಭಾಗದಲ್ಲೇ ಇವೆ.

ಫಾಂಟ್ ಜೊತೆ ಮಾದರಿ ಪಠ್ಯ ಇಡೋದು ವಾಡಿಕೆ. ನಾನೀಗ ಪುಟ್ಟದೊಂದು ಫಾಂಟಿಗೆ ಪ್ಯಾಕೇಜ್ ಕಟ್ತಾ ಇದ್ದೀನಿ. ನಮ್ಮ ತಾಲ್ಲೂಕಿನ ಕಿಕ್ಕೇರಿಯವರು ಕೆ.ಎಸ್. ನರಸಿಂಹಸ್ವಾಮಿ, ಅವರ ಕವಿತೆಯನ್ನೇ ಹಾಕೋ ಆಸೆ. ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲಿ, ಹಳೇದಾಯ್ತಲ್ಲ ಅನ್ಕೋಬೇಡಿ. ನಮ್ಮ ಕಾನೂನು ಎಣಿಸೋದು ಪುಸ್ತಕದ ವಯಸ್ಸನ್ನಲ್ಲ. ಕವಿ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಅವರು ಹೋದದ್ದು 2003ರಲ್ಲಿ. ಅಂದ್ರೆ 2063 ಮುಗಿಯೋ ತನಕ ಹಕ್ಕು ಇದೆ.

ಮನೆಯವರ ಅನುಮತಿ ಕೇಳಿದ್ರೆ? ನನಗೊಬ್ಬನಿಗೆ, ಅಥವಾ ಡೆಬಿಯನ್‌ಗೆ ಮಾತ್ರ ಕೊಟ್ಟ ಅನುಮತಿ ಸಾಲದು. ಯಾರು ಬೇಕಾದರೂ ಸಾಲು ತಿದ್ದಿ ಮಾರಲಿ ಅಂತ ಅವರು ಒಪ್ಪಬೇಕು. ಒಬ್ಬ ಕವಿಯ ಮನೆಗೆ ಹೋಗಿ ಹಾಗೆ ಕೇಳೋಕೆ ನನಗಂತೂ ಬಾಯಿ ಬರಲ್ಲ. ಈ ಜಾಗದಲ್ಲಿ ಡೆಬಿಯನ್ ನಿಯಮ ಕೋಡಿಗೆ ಒಪ್ಪಿದಷ್ಟು ಕವಿತೆಗೆ ಒಪ್ಪಲ್ಲ ಅಂತಲೇ ನನ್ನ ಅಭಿಪ್ರಾಯ.

ಪಕ್ಕದ ನಾಗಮಂಗಲದ ಬೆಳ್ಳೂರು, ಬಿ.ಎಂ. ಶ್ರೀಕಂಠಯ್ಯನವರ ಹೆಸರಿನ ‘ಬಿ’. ಅವರು ತೀರಿಕೊಂಡಿದ್ದು 1946ರಲ್ಲಿ. 2007ರಿಂದ ಅವರ ಬರಹ ಎಲ್ಲರದ್ದು. ‘ಇಂಗ್ಲಿಷ್ ಗೀತಗಳು’ ಪುಸ್ತಕದ ಒಂದು ಕವಿತೆ ಪ್ಯಾಕೇಜಿನೊಳಗೆ ಹೋಯ್ತು. ಕಿಕ್ಕೇರಿಯ ಫೈಲ್ ನನ್ನ ಲ್ಯಾಪ್‌ಟಾಪಿನಲ್ಲೇ ಉಳೀತು.