ಸುಳ್ಳಾದ ಭವಿಷ್ಯಗಳು

ಕ್ರಿಕೆಟ್ ಆಟವು ನಮ್ಮ ದೇಶದಲ್ಲಿ ಬೇರೂರಿದ ಕಾಲದಿಂದಲೂ ಆಟಗಾರರ ಸಮುದಾಯದೊಡನೆ ಸಮನಾಗಿ ಬೆಳೆದುಬಂದ ಮತ್ತೊಂದು ಸಮುದಾಯವೆಂದರೆ ಭವಿಷ್ಯ ನುಡಿಯುವವರದು. ಮೈದಾನದ ಮೆಟ್ಟಿಲುಗಳ ಮೇಲೆ, ಹೋಟೆಲಿನ ರೇಡಿಯೋದ ಮುಂದೆ, ಕಚೇರಿಯ ಕಾಫಿಯ ವೇಳೆಯಲ್ಲಿ, ಇಂಥವನು ಇನ್ನು ತಂಡಕ್ಕೆ ಮರಳಲಾರನೆಂದೂ ಇಂಥ ಪಂದ್ಯ ಆಗಲೇ ಕೈಬಿಟ್ಟಿತೆಂದೂ ನಿಶ್ಚಯವಾದ ಧ್ವನಿಯಲ್ಲಿ ಹೇಳುವ ಈ ಪದ್ಧತಿಯು ಆಟದ ಚರಿತ್ರೆಯೊಳಗೆ ಸೇರತಕ್ಕ ವಿಷಯವೆಂದು ನಾನು ಭಾವಿಸುತ್ತೇನೆ. ಏಕೆಂದರೆ ಅಂಕಪಟ್ಟಿಯು ಆಟಗಾರನ ಸಾಮರ್ಥ್ಯವನ್ನು ತಿಳಿಸುವಂತೆ, ಸುಳ್ಳಾದ ಭವಿಷ್ಯವು ಅವನನ್ನು ನೋಡುತ್ತಿದ್ದ ಜನರ ಮನೋಧರ್ಮವನ್ನು ತಿಳಿಸುತ್ತದೆ. ಆ ಮನೋಧರ್ಮವನ್ನು ಪರಿಶೀಲಿಸಿದರೆ, ನಮ್ಮ ಆಸೆಗಳು ಹುಸಿಯಾದದ್ದಕ್ಕಿಂತ ನಮ್ಮ ಶಂಕೆಗಳು ಹುಸಿಯಾದ ಪ್ರಸಂಗಗಳೇ ಹೆಚ್ಚು ಬೋಧಪ್ರದವೆಂಬುದು ಗೋಚರವಾಗುತ್ತದೆ.

ಇವುಗಳಲ್ಲಿ ದೀರ್ಘಕಾಲ ಬಾಳಿದ ಒಂದು ಶಂಕೆಯ ಕಥೆ 1933ರಲ್ಲಿ ಮೊದಲಾಗುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯ ಜಿಮ್ಖಾನಾ ಮೈದಾನದಲ್ಲಿ, ಭಾರತದ ನೆಲದ ಮೇಲೆ ನಡೆದ ಮೊತ್ತಮೊದಲ ಟೆಸ್ಟ್ ಪಂದ್ಯದಲ್ಲಿ, ಲಾಲಾ ಅಮರನಾಥರು ತಮ್ಮ ಚೊಚ್ಚಲ ಟೆಸ್ಟಿನಲ್ಲಿಯೇ ಇಂಗ್ಲೆಂಡಿನ ವಿರುದ್ಧ 118 ರನ್ನುಗಳನ್ನು ಗಳಿಸಿ, ಭಾರತದ ಪರವಾಗಿ ಟೆಸ್ಟ್ ಶತಕ ಬಾರಿಸಿದ ಪ್ರಥಮ ಆಟಗಾರರೆನಿಸಿದರು. ತರುವಾಯ ದೀಪಕ್ ಶೋಧನ್ 1952ರಲ್ಲಿ ಕಲ್ಕತ್ತೆಯಲ್ಲಿ, ಕೃಪಾಲ್ ಸಿಂಗ್ 1955ರಲ್ಲಿ ಹೈದರಾಬಾದಿನಲ್ಲಿ, ಅಬ್ಬಾಸ್ ಅಲಿ ಬೇಗ್ 1959ರಲ್ಲಿ ಮ್ಯಾಂಚೆಸ್ಟರಿನಲ್ಲಿ, ಹನುಮಂತ ಸಿಂಗ್ 1964ರಲ್ಲಿ ದೆಹಲಿಯಲ್ಲಿ ಅದೇ ರೀತಿ ಚೊಚ್ಚಲ ಪಂದ್ಯದಲ್ಲಿಯೇ ಶತಕವನ್ನು ಸಾಧಿಸಿದರು. ಆದರೆ ಈ ಐವರಲ್ಲಿ ಒಬ್ಬರಿಗೂ ಎರಡನೆಯ ಟೆಸ್ಟ್ ಶತಕ ದಕ್ಕಲಿಲ್ಲ. ಇದನ್ನು ಕಂಡ ಜನ, ಮೊದಲ ಪಂದ್ಯದಲ್ಲಿಯೇ ನೂರು ಹೊಡೆದ ಭಾರತೀಯನಿಗೆ ಮತ್ತೆ ನೂರು ಒದಗಲಾರದೆಂದು ಶಾಪದಂತೆ ಒಂದು ಸಿದ್ಧಾಂತವನ್ನು ಕಟ್ಟಿಕೊಂಡು, ಹೊಸ ಆಟಗಾರನ ಯಶಸ್ಸಿನ ಮುಹೂರ್ತದಲ್ಲಿಯೇ ಅವನ ಅವನತಿಯನ್ನೂ ನುಡಿಯತೊಡಗಿದರು.

ಶಾಪವೆಂದು ಕರೆದದ್ದರ ಒಳಹೊಕ್ಕು ನೋಡಿದವನಿಗೆ ಕಾಣುವ ಕಾರಣಗಳು ತೀರ ಲೌಕಿಕವಾದವು. ಅಮರನಾಥರನ್ನು 1936ರ ಇಂಗ್ಲೆಂಡ್ ಪ್ರವಾಸದಲ್ಲಿ ಶಿಸ್ತಿನ ನೆಪದಿಂದ ಟೆಸ್ಟ್ ಪಂದ್ಯಗಳಿಗೆ ಮುನ್ನವೇ ಮನೆಗೆ ಕಳುಹಿಸಲಾಯಿತು. ಆ ಪ್ರವಾಸದ ಬಳಿಕ 1946ರವರೆಗೆ, ನಡುವೆ ಯುದ್ಧವೂ ಬಂದುದರಿಂದ, ಭಾರತವು ಒಂದು ಟೆಸ್ಟನ್ನೂ ಆಡಲಿಲ್ಲ. ಹೀಗೆ ಅವರ ಯೌವನದ ಉತ್ತಮ ವರ್ಷಗಳು ವ್ಯರ್ಥವಾದವು. ಶೋಧನರಿಗೆ ದೊರೆತದ್ದು ಕೇವಲ 3 ಟೆಸ್ಟ್‌ಗಳು, ಬೇಗರಿಗೆ 10, ಕೃಪಾಲ್ ಸಿಂಗ್ ಮತ್ತು ಹನುಮಂತ ಸಿಂಗರಿಗೆ ತಲಾ 14. ಅವಕಾಶವೇ ಇಷ್ಟು ಮಿತವಾಗಿದ್ದಾಗ ಎರಡನೆಯ ಶತಕ ಬರಲಿಲ್ಲವೆಂಬುದರಲ್ಲಿ ಗ್ರಹಗತಿಯ ಕೈವಾಡವನ್ನು ಹುಡುಕಬೇಕಾದುದಿಲ್ಲ. ಆದರೆ ಅಭಿಮಾನಿಯು ಕಾರಣವನ್ನು ಬಿಟ್ಟು ಫಲವನ್ನು ಮಾತ್ರ ಎಣಿಸುತ್ತಾನೆ. ಐದು ಪ್ರಸಂಗಗಳ ಸಾಮ್ಯವು ಅವನಿಗೆ ಶಾಸ್ತ್ರವಾಗಿಬಿಡುತ್ತದೆ.

ಈ ಶಾಸ್ತ್ರವನ್ನು ಮುರಿದವರು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು. ಬಾಲ್ಯದಲ್ಲಿ ಅವರ ಕುಳ್ಳು ಮೈಕಟ್ಟನ್ನು ಕಂಡು, ಈ ಹುಡುಗ ವೇಗದ ಚೆಂಡನ್ನು ಹೇಗೆ ಎದುರಿಸಿಯಾನೆಂದು ಸಂಶಯಪಟ್ಟವರಿದ್ದರು. ಅವರು ಮೈಸೂರಿನ ಪರವಾಗಿ ಆಡಿದ ಮೊದಲ ರಣಜಿ ಪಂದ್ಯದಲ್ಲಿಯೇ, 1967ರಲ್ಲಿ ಆಂಧ್ರದ ಮೇಲೆ, 230 ರನ್ನು ಗಳಿಸಿ ಅದಕ್ಕೆ ಉತ್ತರ ಕೊಟ್ಟರು. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಟೆಸ್ಟ್ ಅಂಗಳಕ್ಕಿಳಿದಾಗ ಮೊದಲ ಸರದಿಯಲ್ಲಿ ಅವರ ಗಳಿಕೆ ಸೊನ್ನೆ. ಆ ಸಂಜೆ ಎಷ್ಟು ಮಂದಿ ಆ ತರುಣನ ಹೆಸರನ್ನು ಮನಸ್ಸಿನಲ್ಲಿ ಹೊಡೆದುಹಾಕಿರಬಹುದೋ ಊಹಿಸಬಹುದು. ಆದರೆ ತಂಡದ ನಾಯಕ ಪಟೌಡಿಯವರು ಮಾತ್ರ ಹತ್ತಿರ ಬಂದು, ಚಿಂತಿಸಬೇಡ, ನೀನು ನೂರು ಹೊಡೆಯುತ್ತೀಯೆ ಎಂದು ಧೈರ್ಯ ಹೇಳಿದರೆಂಬುದನ್ನು ವಿಶ್ವನಾಥರೇ ಅನೇಕ ಸಲ ಸ್ಮರಿಸಿದ್ದಾರೆ. ಎರಡನೆಯ ಸರದಿಯಲ್ಲಿ ಅವರು ಗಳಿಸಿದ್ದು 137.

ಸೊನ್ನೆಯ ಭಯ ತೀರಿದ ಕೂಡಲೇ ಶಾಪದ ಭಯ ಆರಂಭವಾಯಿತು. ಮೂರು ವರ್ಷಗಳಿಗೂ ಮಿಕ್ಕಿ ಎರಡನೆಯ ಶತಕ ಬಾರದಿದ್ದಾಗ, ಮೊದಲೇ ಹೇಳಿರಲಿಲ್ಲವೇ ಎಂಬ ಮಾತು ಬಲಗೊಳ್ಳುವುದು ಸಹಜವಾಗಿತ್ತು. 1973ರ ಫೆಬ್ರವರಿಯಲ್ಲಿ ಮುಂಬಯಿಯ ಬ್ರೇಬೋರ್ನ್ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ವಿಶ್ವನಾಥರು 113 ರನ್ನು ಗಳಿಸಿ ಆ ಸಂಕೋಲೆಯನ್ನು ಕಳಚಿದರು. ನೂರು ಪೂರ್ಣವಾದಾಗ ಆರೂವರೆ ಅಡಿ ಎತ್ತರದ ಎದುರಾಳಿ ಟೋನಿ ಗ್ರೇಗ್ ಓಡಿಬಂದು, ತಮ್ಮ ಎದೆಯ ಮಟ್ಟಕ್ಕೂ ಕಷ್ಟದಿಂದ ಬರುತ್ತಿದ್ದ ಈ ದಾಂಡಿಗನನ್ನು ಎರಡು ತೋಳುಗಳಲ್ಲಿ ಎತ್ತಿ ಮಗುವಿನಂತೆ ತೂಗಿದರು. ಯಾವ ಕುಳ್ಳುತನವನ್ನು ನೋಡಿ ಜನ ಸಂದೇಹಿಸಿದ್ದರೋ ಅದೇ ಕುಳ್ಳುತನ ಆ ಗಳಿಗೆಯಲ್ಲಿ ಇಡೀ ಮೈದಾನದ ಸಂತೋಷಕ್ಕೆ ಕಾರಣವಾಯಿತು. ವಿಶ್ವನಾಥರು ನಿವೃತ್ತರಾಗುವ ಹೊತ್ತಿಗೆ ಅವರ ಶತಕಗಳ ಸಂಖ್ಯೆ 14. ಅವರು ಶತಕ ಗಳಿಸಿದ ಒಂದು ಟೆಸ್ಟಿನಲ್ಲಿಯೂ ಭಾರತ ಸೋಲಲಿಲ್ಲ.

ಮೈಕಟ್ಟನ್ನು ನೋಡಿ ಭವಿಷ್ಯ ನುಡಿಯುವ ಈ ಚಾಪಲ್ಯಕ್ಕೆ ಇನ್ನೂ ಕಠಿಣವಾದ ಉತ್ತರ ಮೈಸೂರಿನವರೇ ಆದ ಭಾಗವತ್ ಚಂದ್ರಶೇಖರರಿಂದ ಬಂದಿತು. ಎಳವೆಯಲ್ಲಿ ಪೋಲಿಯೋ ರೋಗದಿಂದ ಸೊರಗಿದ ಅವರ ಬಲದೋಳಿನಲ್ಲಿ, ಬೌಂಡರಿಯ ಬಳಿಯಿಂದ ಚೆಂಡನ್ನು ಹಿಂದಿರುಗಿಸುವಷ್ಟು ಶಕ್ತಿಯೂ ಸಾಲದೆ, ಅವರು ಆ ಕೆಲಸಕ್ಕೆ ಎಡಗೈಯನ್ನು ಬಳಸುತ್ತಿದ್ದರು. ಆದರೆ ಅದೇ ಬಲದೋಳಿನಿಂದ ಅವರು ಎಸೆದ ಸ್ಪಿನ್ ಚೆಂಡು ವೇಗದ ಬೌಲರಿನ ಚೆಂಡಿನಂತೆ ನೆಗೆದು ದಾಂಡಿಗರನ್ನು ದಿಗ್ಭ್ರಾಂತರನ್ನಾಗಿಸುತ್ತಿತ್ತು. ಗಾಯಗಳಿಂದ ಕೆಲವು ವರ್ಷ ತಂಡದಿಂದ ದೂರವಾಗಿ, 1971ರ ಇಂಗ್ಲೆಂಡ್ ಪ್ರವಾಸಕ್ಕೆ ಅವರು ಮರಳಿ ಆಯ್ಕೆಯಾದಾಗ, ಅದನ್ನು ಜೂಜೆಂದು ಬಗೆದವರು ಕಡಿಮೆಯಿರಲಿಲ್ಲ. ಓವಲ್ ಮೈದಾನದಲ್ಲಿ ಮೊದಲ ಸರದಿಯಲ್ಲಿ ಭಾರತ 71 ರನ್ನು ಹಿಂದೆ ಬಿದ್ದಿತ್ತು. ಸತತವಾಗಿ 26 ಟೆಸ್ಟ್‌ಗಳಲ್ಲಿ ಸೋಲನ್ನು ಕಾಣದ ಇಂಗ್ಲೆಂಡಿನ ಮುಂದೆ ಆ ಸ್ಥಿತಿಯಿಂದ ಗೆಲುವನ್ನು ನುಡಿಯುವ ಧೈರ್ಯ ಯಾರಿಗಿದ್ದೀತು? ಚಂದ್ರಶೇಖರರು 38 ರನ್ನಿಗೆ 6 ವಿಕೆಟ್ ಕಿತ್ತರು. ಇಂಗ್ಲೆಂಡ್ 101ಕ್ಕೆ ಕುಸಿಯಿತು. ಆ ದೇಶದ ನೆಲದಲ್ಲಿ ಭಾರತಕ್ಕೆ ಮೊಟ್ಟಮೊದಲ ಟೆಸ್ಟ್ ವಿಜಯ ಲಭಿಸಿತು.

ವ್ಯಕ್ತಿಗಳ ವಿಷಯದಲ್ಲಿದ್ದ ಈ ಶಂಕೆಯೇ ತಂಡಗಳ ವಿಷಯದಲ್ಲಿಯೂ ಇತ್ತು. 1958-59ರಿಂದ 1972-73ರವರೆಗೆ ಹದಿನೈದು ವರ್ಷಗಳ ಕಾಲ ರಣಜಿ ಟ್ರೋಫಿ ಮುಂಬಯಿಯನ್ನು ಬಿಟ್ಟು ಕದಲಲಿಲ್ಲ. ಆದ್ದರಿಂದ ಆ ಪಂದ್ಯಾವಳಿಯ ಭವಿಷ್ಯ ಹೇಳುವುದಕ್ಕೆ ಪಾಂಡಿತ್ಯವೇ ಬೇಕಾಗಿರಲಿಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಗಿ ಕೆಲವೇ ತಿಂಗಳು ಕಳೆದಿದ್ದ 1974ರ ಮಾರ್ಚಿನಲ್ಲಿ, ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನರ ನಾಯಕತ್ವದ ನಮ್ಮ ತಂಡ ಮುಂಬಯಿಯನ್ನು ಎದುರಿಸಿತು. ವಿಶ್ವನಾಥರೂ ಬ್ರಿಜೇಶ್ ಪಟೇಲರೂ ಶತಕಗಳನ್ನು ಗಳಿಸಿದರು. ಮುಂಬಯಿಯ ಗವಾಸ್ಕರರ ಸ್ಟಂಪನ್ನು ಪ್ರಸನ್ನರ ಚೆಂಡು ಉರುಳಿಸಿತು. ಚೆನ್ನಾಗಿ ಆಡುತ್ತಿದ್ದ ಅದೇ ತಂಡದ ವಾಡೇಕರರು ಕಾಲು ಜಾರಿ ರನೌಟಾದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಗೆದ್ದು, ಜಯಪುರದ ಫೈನಲಿನಲ್ಲಿ ರಾಜಸ್ಥಾನವನ್ನೂ ಸೋಲಿಸಿ ಟ್ರೋಫಿಯನ್ನು ತಂದಿತು. ಮುಂಬಯಿಯನ್ನು ಸೋಲಿಸಬಹುದೆಂಬುದು ಅಂದು ದೇಶದ ಇತರ ರಾಜ್ಯಗಳಿಗೂ ಮನವರಿಕೆಯಾಯಿತು.

1983ರ ವಿಶ್ವಕಪ್ಪಿನ ಕಥೆ ಎಲ್ಲರಿಗೂ ತಿಳಿದದ್ದು. ಆದರೂ ಅದರಲ್ಲಿ ಶಂಕೆಯು ಕೈಬಿಡದೆ ಹಿಂಬಾಲಿಸಿದ ಬಗೆಯನ್ನು ಗಮನಿಸಬೇಕು. ಹಿಂದಿನ ಎರಡು ವಿಶ್ವಕಪ್ಪುಗಳಲ್ಲಿ ಭಾರತ ಸೋಲಿಸಿದ್ದು ಪೂರ್ವ ಆಫ್ರಿಕವನ್ನು ಮಾತ್ರ. ಬಾಜಿ ಕಟ್ಟಿಸಿಕೊಳ್ಳುವವರು ಭಾರತದ ಗೆಲುವಿಗೆ 66ಕ್ಕೆ 1ರ ದರವಿಟ್ಟರು. ಭಾರತವು ಸ್ಪರ್ಧೆಗೆ ಬರುವುದೇ ಅನವಶ್ಯಕವೆಂಬ ಧಾಟಿಯಲ್ಲಿ ಇಂಗ್ಲೆಂಡಿನ ಪತ್ರಿಕಾಸಂಪಾದಕ ಡೇವಿಡ್ ಫ್ರಿತ್ ಬರೆದರು. ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆಯ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಾಗ ಭಾರತೀಯರೂ ಅದನ್ನೇ ನಂಬಿದರು. ಕಪಿಲ್ ದೇವ್ ಅಜೇಯ 175 ರನ್ನು ಹೊಡೆದದ್ದನ್ನು ಎಲ್ಲರೂ ಹೇಳುತ್ತಾರೆ. ಒಂಬತ್ತನೆಯ ವಿಕೆಟಿಗೆ ಅವರೊಡನೆ ನಿಂತು, ತಾವು 24 ಮಾತ್ರ ಗಳಿಸಿದರೂ ಮುರಿಯದ 126 ರನ್ನುಗಳ ಜೊತೆಯಾಟಕ್ಕೆ ಆಧಾರವಾದ ಬೆಂಗಳೂರಿನ ಕಿರ್ಮಾನಿಯವರನ್ನು, ಆ ಪಂದ್ಯಾವಳಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ಬೆಂಗಳೂರಿನವರೇ ಆದ ರೋಜರ್ ಬಿನ್ನಿಯವರನ್ನು ನಾವಾದರೂ ಮರೆಯಕೂಡದು. ಜೂನ್ 25ರಂದು ಲಾರ್ಡ್ಸ್‌ನ ಫೈನಲಿನಲ್ಲಿ ಭಾರತ 183ಕ್ಕೆ ಆಲೌಟಾದಾಗ ಕಡೆಯ ಬಾರಿಗೆ ಭವಿಷ್ಯ ಹೊರಟಿತು. ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು. ಅಮೆರಿಕದಲ್ಲಿದ್ದ ಭಾರತೀಯ ಓದುಗರೊಬ್ಬರು, ಅಚ್ಚಾದ ಆ ಮಾತುಗಳನ್ನು ಬಾಯಾರೆ ತಿನ್ನಿರೆಂದು ಫ್ರಿತ್‌ರಿಗೆ ಬರೆಯಲು, ಅವರು ಕಾಗದವನ್ನು ನಿಜವಾಗಿಯೂ ಬಾಯಿಗಿಟ್ಟು, ಆ ಚಿತ್ರವನ್ನು ತಮ್ಮ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ತಪ್ಪನ್ನು ಅಷ್ಟು ಬಹಿರಂಗವಾಗಿ ಒಪ್ಪಿಕೊಂಡ ಭವಿಷ್ಯಗಾರ ವಿರಳ. ಅದು ಗೌರವಾರ್ಹವಾದ ನಡತೆ.

ಆಸೆಯೂ ಸುಳ್ಳಾಗಲಿಲ್ಲವೆಂದಲ್ಲ. 1987ರ ವಿಶ್ವಕಪ್ಪಿನಲ್ಲಿ ಕಲ್ಕತ್ತೆಯ ಫೈನಲಿನಲ್ಲಿ ಭಾರತ ಮತ್ತು ಪಾಕಿಸ್ತಾನಗಳೇ ಸೆಣಸುವುವೆಂದು ಎರಡು ದೇಶಗಳ ಜನರೂ ನಂಬಿದ್ದರು. ನವೆಂಬರ್ 4ರಂದು ಲಾಹೋರಿನಲ್ಲಿ ಪಾಕಿಸ್ತಾನವೂ ಮರುದಿನ ಮುಂಬಯಿಯಲ್ಲಿ ಭಾರತವೂ ಸೆಮಿಫೈನಲಿನಲ್ಲಿಯೇ ಸೋತವು. ಮರುವರ್ಷ ಮದರಾಸಿನಲ್ಲಿ ಚೊಚ್ಚಲ ಟೆಸ್ಟಿನಲ್ಲಿಯೇ 136 ರನ್ನಿಗೆ 16 ವಿಕೆಟ್ ಪಡೆದ ನರೇಂದ್ರ ಹಿರ್ವಾನಿಯವರಿಗೆ ಸುದೀರ್ಘ ಭವಿಷ್ಯವನ್ನು ನುಡಿದದ್ದಾಯಿತು. ಅವರಿಗೆ ದೊರೆತದ್ದು 17 ಟೆಸ್ಟ್‌ಗಳು ಮಾತ್ರ. ಆದರೆ ಈ ಎರಡು ಬಗೆಯ ತಪ್ಪುಗಳು ಸಮಾನವಲ್ಲ. ಆಸೆ ಸುಳ್ಳಾದಾಗ ನೊಂದುಕೊಳ್ಳುವವನು ಅಭಿಮಾನಿ. ಶಂಕೆಯು ಜನಮತವಾಗಿ ಬೆಳೆದು ಆಯ್ಕೆಯ ಕೊಠಡಿಯನ್ನು ಹೊಕ್ಕಾಗ ಅದರ ದಂಡವನ್ನು ತೆರುವವನು ಆಟಗಾರ. ಮೂರು ಟೆಸ್ಟಿಗೆ ಮುಗಿದ ಶೋಧನರ ಜೀವನವನ್ನೂ, ಸೊನ್ನೆಯ ಅನಂತರವೂ ಭರವಸೆಯ ಮಾತನ್ನು ಕೇಳಿದ ವಿಶ್ವನಾಥರ ಜೀವನವನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ, ಪ್ರತಿಭೆಯೊಂದೇ ಅಲ್ಲ, ಎರಡನೆಯ ಅವಕಾಶವೂ ಚರಿತ್ರೆಯನ್ನು ನಿರ್ಮಿಸುತ್ತದೆಂಬುದು ಸ್ಪಷ್ಟವಾಗುತ್ತದೆ. ಭವಿಷ್ಯ ನುಡಿಯುವುದನ್ನು ಅಭಿಮಾನಿ ಬಿಡಬೇಕಾಗಿಲ್ಲ, ಬಿಡಲಾರನು ಸಹ. ಹೊಸ ಹುಡುಗನೊಬ್ಬ ಸೊನ್ನೆಗೆ ಔಟಾಗಿ ಮರಳಿದ ದಿನ ಅವನು ತನ್ನ ತೀರ್ಪನ್ನು ಎರಡನೆಯ ಸರದಿಯವರೆಗೆ ತಡೆದುಕೊಂಡರೆ, ಆಟಕ್ಕೆ ತನ್ನಿಂದ ಸಲ್ಲಬೇಕಾದುದನ್ನು ಸಲ್ಲಿಸಿದಂತಾಗುತ್ತದೆ.